ಹಾಯಿಗೊಂದು ವಿಂಚು

ಮೇಲೆ ತೂಗುಹಾಕಿದ ಪುಟ್ಟ ವಿಮಾನದ ಪಂಖ ಸೀಲಿಂಗ್ ಫ್ಯಾನಿನ ಗಾಳಿಗೆ ತನ್ನಷ್ಟಕ್ಕೆ ತಿರುಗುತ್ತಿದೆ, ಮೋಟರಿಲ್ಲ, ಬ್ಯಾಟರಿಯಿಲ್ಲ, ಒಮ್ಮೆ ನಿಧಾನ, ಒಮ್ಮೆ ಜೋರು — ಕುಶಲ ಅದನ್ನೇ ನೋಡುತ್ತ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾನೆ, ಕೂತಿದ್ದಾನೆ ಎಂದರೆ ಕೂರಿಸಿದ್ದಾರೆ, ಹೆಂಡತಿ ಹರಿಣಾಕ್ಷಿ ಒಂದು ಕಡೆಯಿಂದ, ಅಕ್ಕನ ಮಗ ಪೃಥ್ವಿರಾಜ್ ಇನ್ನೊಂದು ಕಡೆಯಿಂದ ಹಿಡಿದು, ಒಡೆಯುವ ಸಾಮಾನನ್ನು ಇಳಿಸುವ ಹಾಗೆ, ಇಳಿಸಿದ ಮೇಲೆ ಹರಿಣಾಕ್ಷಿ ಅವನ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟಳು, ಜಾರದ ಹಾಗೆ ಬೆರಳುಗಳನ್ನು ಒಂದೊಂದಾಗಿ ಮಡಚಿದಳು, ತನ್ನ ಪರ್ಸನ್ನೋ ಕೊಡೆಯನ್ನೋ ಸರಿಮಾಡಿಟ್ಟಂತೆ. ಮಳೆಗಾಲಕ್ಕೆ ಮುಂಚೆ ಆ ಕೈ ಅವನದಾಗಿತ್ತು. ಈಗ ಅದು ಮನೆಗೆ ಬಂದು ಉಳಿದುಬಿಟ್ಟ ನೆಂಟನ ಹಾಗೆ, ಎಲ್ಲಿ ಕೂರಿಸಿದರೆ ಅಲ್ಲಿ, ಮಾತಿಲ್ಲ ಕತೆಯಿಲ್ಲ. ಹೊರಗೆ ಮಿಲಿಟರಿ ಕ್ಯಾಂಪಿನ ಪೇಟೆಯ ಓಣಿಯಲ್ಲಿ ಸ್ಕೂಟರೊಂದು ಹಾರ್ನ್ ಒತ್ತುತ್ತಲೇ ಇದೆ, ಯಾರೂ ದಾರಿ ಬಿಡುತ್ತಿಲ್ಲ, ಒತ್ತು ಮಾರಾಯ, ನಿನಗಾದರೂ ಒತ್ತಲಿಕ್ಕೆ ಒಂದು ಹಾರ್ನ್ ಉಂಟು.

ಅಂಗಡಿಯ ಹುಡುಗಿ, ಹುಡುಗಿಯಲ್ಲ, ಮೂವತ್ತೈದು ದಾಟಿರಬೇಕು, ಒಡತಿಯೇ ಇರಬೇಕು, ಬೋರ್ಡಿನಲ್ಲಿ ದೀಪಾಲಿ ಹಾಬೀಸ್ ಎಂದಿತ್ತು, ಬೋಲಾ ಕಾಯ್ ಪಾಹಿಜೆ ಎಂದು ಕೇಳಿದಳು, ಏನು ಬೇಕು ಎಂದು, ಅವನನ್ನಲ್ಲ, ಹರಿಣಾಕ್ಷಿಯನ್ನು. ಎಲ್ಲರೂ ಈಗ ಹಾಗೆಯೇ, ಡಾಕ್ಟರು, ಆಟೋದವನು, ಹೋಟೆಲಿಗೆ ಹಾಲು ಹಾಕುವವನು, ಅವನ ಮುಖ ನೋಡಿ ಅವಳನ್ನು ಕೇಳುತ್ತಾರೆ. ಹರಿಣಾಕ್ಷಿ ಮರಾಠಿಯಲ್ಲಿ ಹೇಳುತ್ತಿದ್ದಾಳೆ, ಇವರು ಒಂದು ಹಾಯಿ ದೋಣಿ ಮಾಡಿದ್ದಾರೆ, ಇಷ್ಟುದ್ದದ್ದು, ರಿಮೋಟಿನದ್ದು, ಹೋದ ಭಾನುವಾರ ಕೆರೆಗೆ ಬಿಟ್ಟೆವು, ಹಾಯಿ ಪೂರಾ ಬಿಚ್ಚಿಕೊಳ್ಳಲಿಲ್ಲ, ಅರ್ಧಕ್ಕೇ ನಿಂತಿತು, ದೋಣಿ ನೀರಿನ ನಡುವೆ ಗಿರಕಿ ಹೊಡೀತಿತ್ತು, ಹಾಯಿ ಎಳೆಯುವ ಪುಟ್ಟ ಮೋಟರು, ಸರ್ವೋ, ಇನ್ನೂ ಜೋರಿನದ್ದು ಬೇಕು. ಜೋರಿನದ್ದಲ್ಲ ಮಾರಾಯ್ತಿ, ಜೋರಿನದ್ದಲ್ಲ — ಉದ್ದದ್ದು. ಜೋರು ಬೇಕಾದಷ್ಟಿದೆ ಅದಕ್ಕೆ. ಪೃಥ್ವಿರಾಜ್ ತಂದು ಕೂರಿಸಿದ್ದು ತೋಳಿನ ಸರ್ವೋ, ಅರ್ಧ ಬೆರಳುದ್ದದ ತೋಳು, ಆ ಕಡೆಯಿಂದ ಈ ಕಡೆಗೆ ಅರ್ಧ ಸುತ್ತು ಹೊರಳಿ ನಿಲ್ಲುತ್ತದೆ, ಅಷ್ಟರಲ್ಲಿ ಎಷ್ಟು ದಾರ ಎಳೆದೀತು, ಎಷ್ಟು ಬಿಟ್ಟೀತು, ಹೆಚ್ಚೆಂದರೆ ನಾಲ್ಕು ಬೆರಳಗಲ, ಹಾಯಿಗೆ ಬೇಕಾದದ್ದು ಒಂದು ಗೇಣಿಗೂ ಮಿಕ್ಕಿ, ಗಾಳಿ ಹಿಂದಿನಿಂದ ಬಂದಾಗ ಹಾಯಿ ದೋಣಿಗೆ ಅಡ್ಡಲಾಗಿ ಪೂರ್ತಿ ತೆರೆದುಕೊಳ್ಳಬೇಕು, ಬಾಗಿಲು ತೆರೆದ ಹಾಗೆ, ಅದಕ್ಕೆ ತೋಳಲ್ಲ, ಉರುಳೆ ಬೇಕು, ಗಾಳಿಪಟದ ದಾರ ಸುತ್ತುತ್ತಾರಲ್ಲ ಹಾಗೆ, ಸುತ್ತುವ ಉರುಳೆಯಿರುವ ವಿಂಚು. ಇದನ್ನು ಅವನು ನಾಲ್ಕು ಭಾಷೆಯಲ್ಲಿ ಹೇಳಬಲ್ಲ, ಇಪ್ಪತ್ತಾರು ವರ್ಷ ತನ್ನ ಹೋಟೆಲಿನ ಗಲ್ಲಾದಲ್ಲಿ ಕೂತು ಅಡುಗೆಯವರ ಹತ್ತಿರ ಕನ್ನಡ, ಗಿರಾಕಿಗಳ ಹತ್ತಿರ ಮರಾಠಿ, ತರಕಾರಿಯವನ ಹತ್ತಿರ ಹಿಂದಿ, ಮಿಲಿಟರಿಯವರ ಹತ್ತಿರ ಇಂಗ್ಲಿಷು, ಎಲ್ಲ ಒಳಗೆ ಹಾಗೆಯೇ ಇದೆ, ಒಂದಕ್ಷರ ಕಳೆದಿಲ್ಲ, ಅವನು ಬಾಯಿ ತೆರೆದ, ವಿಂಚು, ವಿಂಚು, ಈಗ ಹೇಳುತ್ತೇನೆ ನೋಡು — ಉಪ್ಪು, ಎಂದ.

ಮೂವರೂ ತಿರುಗಿ ನೋಡಿದರು. ಉಪ್ಪು ಅಂದ್ರಾ ಅತ್ತೆ, ಎಂದು ಪೃಥ್ವಿರಾಜ್ ಕೇಳಿದ, ಬಾಯಾರಿಕೆ ಆಗಿರ್ಬೇಕು. ಹರಿಣಾಕ್ಷಿ ಆಗಲೇ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾಳೆ, ಕುಡೀರಿ ಮಾರಾಯ್ರೆ, ನಿಧಾನ. ಕುಡಿದ. ಕುಡಿಯದಿದ್ದರೆ ಅದಕ್ಕೊಂದು ಬೇರೆ ಗಲಾಟೆ. ತಪ್ಪು ಪದ ಎಲ್ಲಿಂದ ಬರುತ್ತದೆ, ಯಾರು ತಂದು ನಾಲಿಗೆಯ ಮೇಲೆ ಇಡುತ್ತಾರೆ, ಮಸಾಲೆ ದೋಸೆ ಕೇಳಿದ ಟೇಬಲ್ಲಿಗೆ ದಿನವೂ ಉಪ್ಪಿಟ್ಟು ತಂದಿಡುವ ಮಾಣಿಯನ್ನು ಎಷ್ಟು ದಿನ ಸಹಿಸಬಹುದು, ಅಂಥ ಮಾಣಿಯನ್ನು ಅವನು ಒಂದು ವಾರವೂ ಇಟ್ಟುಕೊಂಡವನಲ್ಲ. ಮೊದಲ ದಿನವೂ ಹೀಗೆಯೇ, ಬೆಳಗಿನ ಗಡಿಬಿಡಿ, ಗಿರಾಕಿಯೊಬ್ಬರು ಬಿಲ್ಲಿಗೆ ಕೈಚಾಚಿದ್ದಾರೆ, ಒಂದು ನಿಮಿಷ ಸರ್ ಎನ್ನಬೇಕು, ಒಂದು ಒಂದು ಒಂದು ಎಂದ, ಪೆನ್ನು ಬಿತ್ತು, ಬಿದ್ದ ಪೆನ್ನನ್ನು ನೋಡುತ್ತ ಎತ್ತಿಕೋ ಎಂದು ಕೈಗೆ ಹೇಳಿದ, ಕೈ ಕೇಳಲಿಲ್ಲ. ಆಮೇಲೆ ಆಸ್ಪತ್ರೆ, ಆಮೇಲೆ ಮಾತು ಕಲಿಸುವ ಟೀಚರು, ಚಿತ್ರದ ಕಾರ್ಡುಗಳು, ಇದೇನು ಹೇಳಿ ಅಂಕಲ್, ಕೊಡೆ, ಕೊಡೆ ಎಂದು ಅವನಿಗೆ ಗೊತ್ತು, ಕಪ್ಪು ಕೊಡೆ, ಬಾಗಿದ ಹಿಡಿ, ಬೆಕ್ಕು ಎಂದ, ಟೀಚರು ನಗುತ್ತ ತುಂಬ ಚೆನ್ನಾಗಿ ಪ್ರಯತ್ನ ಮಾಡಿದ್ರಿ ಎಂದರು, ಹೊಡೆಯಬೇಕು ಅನ್ನಿಸಿತು.

ಪದ ತಪ್ಪಿದರೆ ಹಾಳಾಗಲಿ, ಹೌದು, ಅಲ್ಲ ಎನ್ನುವುದೇ ಅದಲುಬದಲು ಆಗುತ್ತದಲ್ಲ, ಅದು ದೊಡ್ಡ ರಗಳೆ. ಮಾವ, ಮೆನುವಿಗೆ ಚೀಸ್ ದೋಸೆ ಹಾಕೋದಾ, ಎಂದು ಪೃಥ್ವಿರಾಜ್ ಹಾಸಿಗೆಯ ಪಕ್ಕ ಕೂತು ಕೇಳಿದ್ದ, ಒಳ್ಳೆಯವನು, ಕೇಳದೆ ಒಂದು ಚಮಚವನ್ನೂ ಬದಲಿಸುವವನಲ್ಲ, ಅದೇ ಕಷ್ಟ, ಸಿಟ್ಟು ಮಾಡಲಿಕ್ಕೂ ಆಗುವುದಿಲ್ಲ. ಬೇಡ, ನಾನು ಬದುಕಿರುವವರೆಗೆ ಬೇಡ ಎಂದು ಒಳಗೆ ಕಿರುಚಿಕೊಂಡು ಹೊರಗೆ ಹೌದು ಎಂದ. ಹೌದು ಹೌದು. ಈಗ ಕುಂದಾಪುರದ ಹೆಸರಿಟ್ಟ ಹೋಟೆಲಿನಲ್ಲಿ ಚೀಸ್ ದೋಸೆ, ಮೇಲೆ ಸಾಸು, ಮಧ್ಯಾಹ್ನ ಕಾಲೇಜಿನ ಮಕ್ಕಳ ಸಾಲು, ವ್ಯಾಪಾರ ಚೆನ್ನಾಗಿಯೇ ಇದೆ, ಅದು ಇನ್ನೂ ಉರಿ. ಅದೇ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ, ಊಟದ ಹೊತ್ತು ಮುಗಿದು ಶಟರ್ ಅರ್ಧ ಇಳಿಸಿದ ಮೇಲೆ, ಎರಡು ಬೇಸಿಗೆ ಕೂತು ದೋಣಿ ಕಟ್ಟಿದ್ದ, ತೆಳ್ಳಗಿನ ಮರದ ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ ಬಗ್ಗಿಸಿ ಅಂಟಿಸಿ, ಉಜ್ಜಿ ಉಜ್ಜಿ ಕೆನ್ನೆಯ ಹಾಗೆ ನುಣುಪು ಮಾಡಿ, ಆಗ ಎರಡು ಕೈಗಳಿದ್ದವು. ಗಂಗೊಳ್ಳಿಯ ಅಳಿವೆಯಲ್ಲಿ ಹಾಯಿ ದೋಣಿಯ ಚಿಕ್ಕಪ್ಪ ಕೂತಿರುತ್ತಿದ್ದ ರೀತಿ ಅವನಿಗೆ ನೆನಪಿತ್ತು, ಚುಕ್ಕಾಣಿಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ಹಾಯಿಯ ಹಗ್ಗ ಕೈಯಲ್ಲಿ, ಗಾಳಿ ಬಂದಷ್ಟು ಬಿಡು, ಹೋದಷ್ಟು ಎಳೆ, ಬೇರೆ ಏನೂ ಮಾಡುವವನಲ್ಲ, ಮಾತಾಡುವವನೂ ಅಲ್ಲ, ಆದರೂ ಇಡೀ ದೋಣಿ ಅವನ ಕೈಯಲ್ಲಿ. ಅದೇ ಬೇಕಾಗಿತ್ತು ಕುಶಲನಿಗೆ, ಅಷ್ಟೇ, ಹಗ್ಗ. ರಿಮೋಟಿನ ಎಡಗಡೆಯ ಕೋಲು ಹಾಯಿಗೆ, ಬಿಟ್ಟಲ್ಲಿ ನಿಲ್ಲುವ ಕೋಲು ಅದು, ಎಡ ಹೆಬ್ಬೆರಳು ಇನ್ನೂ ಹೇಳಿದ್ದು ಕೇಳುತ್ತದೆ. ವಿಂಚು ಯಾವುದೆಂದು ತೀರ್ಮಾನಿಸಿಯೂ ಆಗಿತ್ತು, ತರಿಸುವುದೊಂದು ಬಾಕಿ, ಅಷ್ಟರಲ್ಲಿ ಪೆನ್ನು ಬಿತ್ತು. ಮಾವನಿಗೆ ಖುಷಿಯಾಗಲಿ ಎಂದು ಪೃಥ್ವಿರಾಜ್ ಏನೋ ತಂದು ಏನೋ ಕೂರಿಸಿದ.

ಕೌಂಟರಿನ ಗಾಜಿನ ಮೇಲೆ ಎರಡು ಪೆಟ್ಟಿಗೆ ಬಂದು ಕೂತಿವೆ. ಎರಡೂ ತೋಳಿನವೇ. ಇದರಲ್ಲಿ ಗೇರು ಲೋಹದ್ದು, ಮೊದಲಿನದಕ್ಕಿಂತ ಎರಡು ಪಟ್ಟು ಜೋರು ಎನ್ನುತ್ತಿದ್ದಾಳೆ ದೀಪಾಲಿ, ಪೃಥ್ವಿರಾಜ್ ತಲೆಯಾಡಿಸುತ್ತಿದ್ದಾನೆ, ಹರಿಣಾಕ್ಷಿ ಪರ್ಸ್ ತೆರೆಯುತ್ತಿದ್ದಾಳೆ, ಆಯಿತು, ಮುಗಿಯಿತು, ಮತ್ತೆ ಭಾನುವಾರ, ಮತ್ತೆ ಕೆರೆ, ಮತ್ತೆ ಅರ್ಧ ತೆರೆದ ಹಾಯಿ, ದಡದಲ್ಲಿ ಜನ, ಪಾಪ ಅವರಿಗೆ ಹುಷಾರಿಲ್ಲ, ಅಲ್ಲ, ಅಲ್ಲ ಅಲ್ಲ — ಎಡಗೈ ಎದ್ದು ಗಾಜಿಗೆ ಬಡಿಯಿತು. ಪೆಟ್ಟಿಗೆಗಳು ಹಾರಿಬಿದ್ದವು, ಮೂಲೆಯಲ್ಲಿ ಬಣ್ಣದ ಡಬ್ಬಿ ನೋಡುತ್ತಿದ್ದವರು ಯಾರೋ ಮೆಲ್ಲಗೆ ಹೊರಟುಹೋದರು. ಎಂತ ಮಾಡ್ತೀರಿ ನೀವು, ಎಂದಳು ಹರಿಣಾಕ್ಷಿ, ನಾವು ಯಾರಿಗೋಸ್ಕರ ಬಂದದ್ದು, ಹೇಳಿ, ನಿಮಗೋಸ್ಕರ ಅಲ್ವಾ, ನಡೀರಿ ಮನೆಗೆ ಹೋಗುವ, ದೋಣಿಯೂ ಬೇಡ ಎಂತದೂ ಬೇಡ. ಮೊದಲ ಸಲ ಅವಳು ಬೈಯುತ್ತಿದ್ದಾಳೆ, ಮಳೆಗಾಲದ ನಂತರ ಮೊದಲ ಸಲ, ರೋಗಿಯನ್ನಲ್ಲ, ಗಂಡನನ್ನು, ಅವನಿಗೆ ಒಂದು ಗಳಿಗೆ ಹಿತವಾಯಿತು.

ಅಯ್ಯ, ನೀವು ಕನ್ನಡದವರೇನ್ರಿ, ಎಂದಳು ದೀಪಾಲಿ, ನಮ್ಮದು ಇಂಡಿ ಕಡೆರಿ, ಕುಂದರ್ರಿ ಅಕ್ಕಾರ, ಎಲ್ಲಿ ಹೋಗ್ತೀರಿ. ಸ್ಟೂಲಿನ ಹತ್ತಿರ ಬಂದು ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು. ಕಾಕಾ, ಇದು ಬೇಕೇನ್ರಿ ನಿಮಗ? ಬೇಡ ಎನ್ನಬೇಕು. ಬೇಡ, ಎರಡಕ್ಷರ, ತುಟಿ ಕೂಡಿಸು, ಬಿಡಿಸು — ಹೌದು, ಎಂದ. ಬೇಕಂತ ನೋಡ್ರಿ, ಎಂದು ಅವಳು ಪೆಟ್ಟಿಗೆ ಎತ್ತಿಕೊಂಡಳು. ಅವರು ಹೌದು ಅಂದ್ರೆ ಅಲ್ಲ ಅಂತಲೂ ಇರ್ತದೆ, ಎಂದಳು ಹರಿಣಾಕ್ಷಿ, ಕಣ್ಣೊರೆಸಿಕೊಂಡು, ಮುಖ ನೋಡ್ಬೇಕು. ಅವಳಿಗೆ ಗೊತ್ತಿತ್ತೇ? ಗೊತ್ತಿದ್ದರೆ ಚೀಸ್ ದೋಸೆ ಹೇಗೆ ಬಂತು, ಅವತ್ತು ಅವಳು ಕೋಣೆಯಲ್ಲಿ ಇರಲಿಲ್ಲ, ಹೌದು, ಮದ್ದು ತರಲಿಕ್ಕೆ ಹೋಗಿದ್ದಳು. ಕುಶಲ ಗಾಜಿನ ಅಂಚು ಹಿಡಿದು ಎದ್ದ, ಪೃಥ್ವಿರಾಜ್ ಓಡಿ ಬಂದ, ಅವನ ಕೈ ಕೊಡವಿ ಎಡಗಾಲು ಮುಂದಿಟ್ಟ, ಬಲಗಾಲು ಎಳೆದ, ಗಾಜಿನ ಕೆಳಗೆ ಪ್ರೊಪೆಲ್ಲರುಗಳು, ಪುಟ್ಟ ಚಕ್ರಗಳು, ವಯರಿನ ಸುರುಳಿ, ಎಲ್ಲಿದೆ, ಇರಲೇಬೇಕು, ಇಷ್ಟೆಲ್ಲ ಇರುವಲ್ಲಿ ಅದೊಂದು ಇಲ್ಲದಿರುತ್ತದೆಯೇ, ಮತ್ತೆ ಎಡಗಾಲು, ಮತ್ತೆ ಎಳೆತ, ಅಗೋ, ತೀರ ಆ ತುದಿಯಲ್ಲಿ, ಸರ್ವೋ ನೆತ್ತಿಯ ಮೇಲೆ ಕಪ್ಪು ಉರುಳೆ. ಬೆರಳಿಟ್ಟ.

ಇದಾ, ಇದು ವಿಂಚ್‌ರಿ, ಎಂದಳು ದೀಪಾಲಿ. ಎಷ್ಟು ಸಲೀಸಾಗಿ ಬಂತು ಅವಳ ಬಾಯಿಂದ ಆ ಪದ. ಮಾವ, ಅದರಲ್ಲಿ ದಾರ ಸಿಕ್ಕು ಬೀಳ್ತದೆ ಅಂತ ನಾನು ಓದಿದ್ದೇನೆ, ಅದಕ್ಕೇ ಬೇಡ ಅಂತ ಬಿಟ್ಟದ್ದು, ಎಂದ ಪೃಥ್ವಿರಾಜ್. ಸಿಕ್ಕು ಬೀಳುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ, ಅದಕ್ಕೊಂದು ರಬ್ಬರ್ ದಾರ ಕಟ್ಟಿ ಬಿಗಿ ಇಡಬೇಕು, ಅದೂ ಗೊತ್ತು ನನಗೆ ಮಗನೇ. ದೀಪಾಲಿ ಅದಕ್ಕೆ ಬ್ಯಾಟರಿ ಜೋಡಿಸಿ ರಿಮೋಟನ್ನು ಅವನ ಮುಂದಿಟ್ಟಳು. ಎಡ ಹೆಬ್ಬೆರಳಿನಿಂದ ಕೋಲನ್ನು ಒಂಚೂರು ತಳ್ಳಿದ, ಉರುಳೆ ಗರ್ರೆಂದು ತಿರುಗಿತು, ತಿರುಗುತ್ತಲೇ ಇದೆ, ಹೆಬ್ಬೆರಳು ತೆಗೆದ, ಇನ್ನೂ ತಿರುಗುತ್ತಿದೆ. ಥೂ. ಇದು ನಿಲ್ಲದ ಜಾತಿಯದ್ದು. ಕೋಲು ಎಲ್ಲಿ ನಿಂತಿದೆಯೋ ಅದಕ್ಕೆ ತಕ್ಕಷ್ಟು ಸುತ್ತಿ ನಿಲ್ಲಬೇಕು, ಇದು ದಾರ ಹರಿದುಕೊಂಡು ಹೋಗುವವರೆಗೆ ಸುತ್ತುತ್ತದೆ. ಸರಿ ಅದ ಅಲ್ರಿ, ಎಂದಳು ದೀಪಾಲಿ ಸಂಭ್ರಮದಿಂದ, ತಿರಗಾಕತ್ತದ ನೋಡ್ರಿ. ಸರಿ ಇಲ್ಲ. ಸರಿ ಇಲ್ಲ ಎಂದು ಹೇಗೆ ಹೇಳಲಿ, ಬಾಯಿ ತೆರೆದರೆ ಹೌದೆಂದೀತು, ಗಾಜು ಬಡಿದರೆ ಮನೆಗೆ ಕರೆದುಕೊಂಡು ಹೋದಾರು. ಅವನು ಹರಿಣಾಕ್ಷಿಯ ಕಡೆ ತಿರುಗಿದ. ಸುಮ್ಮನೆ ಅವಳನ್ನೇ ನೋಡಿದ. ಅವಳೂ ನೋಡಿದಳು, ಹುಬ್ಬು, ಕಣ್ಣು, ಬಾಯಿಯ ಸೊಟ್ಟ ಮೂಲೆ, ಮೀನು ತಾಜಾ ಹೌದೋ ಅಲ್ಲವೋ ಎಂದು ನೋಡುವಷ್ಟು ಹೊತ್ತು. ಇದಲ್ಲ, ಎಂದಳು ದೀಪಾಲಿಗೆ, ಇದೇ ಥರದ್ದು, ಆದ್ರೆ ಇದಲ್ಲ. ಬೇರೆ ಉಂಟಾ?

ಬೇರೆ ಇತ್ತು, ಒಳಗಿನ ಕಪಾಟಿನಲ್ಲಿ, ಯಾರೋ ತರಿಸಿ ಒಯ್ಯದೆ ಬಿಟ್ಟದ್ದು. ದೀಪಾಲಿ ಧೂಳು ಊದಿ ಜೋಡಿಸಿದಳು. ಕೋಲು ಸ್ವಲ್ಪ ತಳ್ಳಿದರೆ ಸ್ವಲ್ಪ ಸುತ್ತಿ ನಿಂತಿತು. ಇನ್ನಷ್ಟು ತಳ್ಳಿದರೆ ಇನ್ನಷ್ಟು ಸುತ್ತಿ ನಿಂತಿತು. ಹಿಂದಕ್ಕೆಳೆದರೆ ಅಷ್ಟೇ ಬಿಚ್ಚಿ ನಿಂತಿತು. ಆಹಾ. ಪಾರ್ಸಲ್ ಕಟ್ಟುವ ದಾರ ಸುತ್ತಿ, ತುದಿಗೆ ಒಂದು ತಂತಿಯ ಕೊಕ್ಕೆ ಕಟ್ಟಿದಳು, ಏನರೆ ವಜ್ಜಾ ಕಟ್ಟಿ ನೋಡೂಣ್ರಿ, ಎಳೀತೈತೋ ಇಲ್ಲೋ, ಎಂದು ಸುತ್ತ ಹುಡುಕುತ್ತಿದ್ದಾಳೆ, ಭಾರದ್ದು ಏನಾದರೂ, ಪೃಥ್ವಿರಾಜ್ ನೀರಿನ ಬಾಟಲಿ ಎತ್ತಿದ, ಬೇಡ ಬೇಡ ತಡಿ, ಭಾರ ನನ್ನ ಹತ್ತಿರ ಇದೆ — ಕುಶಲ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಎತ್ತಿ ಗಾಜಿನ ಮೇಲೆ, ದಾರದ ಆ ತುದಿಯಲ್ಲಿ, ಮಲಗಿಸಿದ. ಮದುವೆಯ ಉಂಗುರ ಆ ಕೈಯ ಬೆರಳಲ್ಲೇ ಇತ್ತು, ಬೆರಳು ಊದಿ ಬಿಗಿದಿತ್ತು, ಕೊಕ್ಕೆಯನ್ನು ಅದರ ಸಂದಿಗೆ ಸಿಕ್ಕಿಸಲು ಹೋದ, ಜಾರಿತು, ಮತ್ತೆ ಸಿಕ್ಕಿಸಿದ. ಎಂತ ಅದು, ಎಂದಳು ಹರಿಣಾಕ್ಷಿ, ತೆಗೀರಿ, ಬೆರಳು ಕೊಯ್ದೀತು, ತೆಗೆಯಲು ಕೈ ಚಾಚಿದವಳು ಅವನ ಮುಖ ನೋಡಿ ಅಲ್ಲೇ ನಿಂತಳು. ದೀಪಾಲಿ ವಿಂಚನ್ನು ಎರಡು ಕೈಯಲ್ಲಿ ಅದುಮಿ ಹಿಡಿದುಕೊಂಡಳು. ಅವನು ಹೆಬ್ಬೆರಳನ್ನು ಕೋಲಿನ ಮೇಲಿಟ್ಟ. ತಳ್ಳಿದ, ಒಂಚೂರು. ದಾರ ನೆಟ್ಟಗಾಯಿತು. ಇನ್ನೂ ಒಂಚೂರು. ಬಾ, ಎಂದ, ಬಾಯಲ್ಲಿ ಅಂದನೋ ಮನಸ್ಸಿನಲ್ಲಿ ಅಂದನೋ, ಬಾ, ಎಷ್ಟು ತಿಂಗಳು ಕರೆದೆ, ಹಾಸಿಗೆಯಲ್ಲಿ ಕರೆದೆ, ಬಚ್ಚಲಲ್ಲಿ ಕರೆದೆ, ಬಾ — ಉಂಗುರದ ಬೆರಳು ಮೊದಲು ಹೊರಟಿತು, ಹಿಂದೆ ಉಳಿದ ಬೆರಳುಗಳು, ಹಿಂದೆ ಅಂಗೈ, ಗಾಜಿನ ಮೇಲೆ ಬೆವರಿನ ಒಂದು ಗೆರೆ ಎಳೆಯುತ್ತ, ಅವನು ನಿಲ್ಲು ಎಂದಲ್ಲಿ ನಿಂತಿತು, ಬಾ ಎಂದಾಗ ಹೊರಟಿತು, ಕೈ ಬರುತ್ತಿದೆ, ಅವನ ಕೈ, ಗಾಜಿನ ಮೇಲೆ, ಬರುತ್ತಿದೆ —