ಎಕ್ಸ್‌ಪ್ರೆಸ್‌ನ ಕಾಲು

ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದ ಅವನಿಗೆ ಎಕ್ಸ್‌ಪ್ರೆಸ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ರೋಗಿಯನ್ನು ಅವನಷ್ಟು ಬೇಗ, ಅಷ್ಟು ಅಲುಗದಂತೆ ಆಪರೇಷನ್ ಕೋಣೆಗೆ ಮುಟ್ಟಿಸುವವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಆ ಹೆಸರಿನ ಜಂಬವೂ ಅವನಿಗೆ ಬೇಕಾದಷ್ಟಿತ್ತು. ಈಗ ಜೊತೆಯವರು ಅದನ್ನೇ ಹಿಡಿದು ಆಡಿಕೊಳ್ಳುತ್ತಿದ್ದರು. “ಎಕ್ಸ್‌ಪ್ರೆಸ್ ಪ್ಯಾಸೆಂಜರ್ ಆಗಿದೆ ಕಣ್ರೋ, ಸಿಕ್ಕ ಸಿಕ್ಕ ಸ್ಟೇಷನ್ನಲ್ಲಿ ನಿಲ್ಲುತ್ತೆ.”

ನಿಲ್ಲುತ್ತಿದ್ದದ್ದೇನೋ ನಿಜ. ಸ್ವಲ್ಪ ದೂರ ನಡೆದರೆ ಸಾಕು, ಎಡಗಾಲಿನ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡುತ್ತಿದ್ದರು, ನಿಂತರೆ ಬಿಡುತ್ತಿದ್ದರು. ಬೀದಿಯಲ್ಲಿ ಸುಮ್ಮನೆ ನಿಲ್ಲಲು ನಾಚಿಕೆಯಾಗಿ, ಅಂಗಡಿಯ ಗಾಜಿನೊಳಗೆ ಏನೋ ನೋಡುವವನಂತೆ ನಟಿಸುತ್ತಿದ್ದ. ಗ್ರಹಚಾರಕ್ಕೆ, ನೋವು ಹಿಡಿಯುವ ಜಾಗದಲ್ಲಿದ್ದದ್ದು ಹೆಂಗಸರ ಒಳಉಡುಪಿನ ಅಂಗಡಿ. ಸುದ್ದಿ ಹೆಂಡತಿಯ ಕಿವಿಗೆ ಬಿತ್ತು. “ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು ನಿಮಗೆ” ಎಂದು ಅವಳು ಮುಖ ಊದಿಸಿಕೊಂಡಳು. ಕಾಲುನೋವು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಈ ಮಹಾಶಯ ಅನ್ನಲಿಲ್ಲ.

ಬಯಲಾದದ್ದು ಮೇಲಿನ ವಾರ್ಡಿಗೆ ಹೋಗುವ ಏರುದಾರಿಯಲ್ಲಿ. ರೋಗಿ ಮಲಗಿದ್ದ ಸ್ಟ್ರೆಚರನ್ನು ಹತ್ತಿಸುವಾಗ ನಡುದಾರಿಯಲ್ಲಿ ಕಾಲು ಕೈಕೊಟ್ಟಿತು. ಯಾರೋ ಓಡಿಬಂದು ಹಿಡಿದದ್ದಕ್ಕೆ ಅನಾಹುತ ತಪ್ಪಿತು. ಆದರೆ ಸೂಪರ್‌ವೈಸರ್ ಕಣ್ಣಾರೆ ನೋಡಿಬಿಟ್ಟ. ಆ ಸೂಪರ್‌ವೈಸರ್ ಬೇರೆ ಯಾರೂ ಅಲ್ಲ, ಅವನ ಮಗನೇ. ಮಗನನ್ನು ಕೈಹಿಡಿದು ತಂದು ಆ ಆಸ್ಪತ್ರೆಯ ಕೆಲಸಕ್ಕೆ ಸೇರಿಸಿದವನೂ ಈ ಅಪ್ಪನೇ.

“ಬಟ್ಟೆ ಕೋಣೇಲಿ ಕೂತ್ಕೊಂಡು ಬೆಡ್‌ಶೀಟ್ ಮಡಚಪ್ಪ, ಸಾಕು” ಎಂದ ಮಗ.

“ಮಡಚೋಕೆ ನಾನೇನು ಮೂಲೆಗೆ ಬಿದ್ದಿದೀನಾ?”

“ಹಾಗಾದ್ರೆ ಕಾಲು ಸರಿ ಮಾಡ್ಕೊಂಡು ಬಾ. ಏರು ಹತ್ತಿಸಿ ತೋರ್ಸು, ಸ್ಟ್ರೆಚರ್ ನಿಂದೇ.”

ಕಾಲಿನ ರಕ್ತನಾಳ ಕಿರಿದಾಗಿದೆ, ಮೊದಲು ಬೀಡಿ ಬಿಡು ಎಂದರು ಡಾಕ್ಟರು. ಬೀಡಿಯನ್ನು ಅವನು ಬೈದುಕೊಂಡೇ ಬಿಟ್ಟ. ಫಿಸಿಯೋಥೆರಪಿ ಮಾಡಿಸುವ ಹುಡುಗಿ ಅವನ ಮೀನಖಂಡಕ್ಕೆ ಅಂಟುಪಟ್ಟಿ ಹಚ್ಚಿ, ಸಣ್ಣ ಪೆಟ್ಟಿಗೆಯೊಂದರಿಂದ ಕರೆಂಟು ಬಿಟ್ಟು, ಟ್ರೆಡ್‌ಮಿಲ್ ಹತ್ತಿಸಿದಳು. ಚರ್ಮದ ಕೆಳಗೆ ಇರುವೆ ಹರಿದಂತೆ ಜುಮುಜುಮು ಎಂದಿತು.

“ಕರೆಂಟು ನೋವನ್ನ ಸ್ವಲ್ಪ ಮಂಕು ಮಾಡುತ್ತೆ, ಅಷ್ಟೇ. ನಡೆಯೋದು ನೀವೇ. ಕಾಲು ನೋಯೋವರೆಗೂ ನಡೀಬೇಕು, ಜೋರಾದಾಗ ಹೇಳ್ಬೇಕು, ಸುಧಾರಿಸ್ಕೊಂಡು ಮತ್ತೆ ನಡೀಬೇಕು. ಹಿಡಿಕೆ ಮಾತ್ರ ಹಿಡೀಬೇಡಿ ಅಂಕಲ್, ಭಾರ ಎಲ್ಲಾ ಕಾಲ ಮೇಲೇ ಇರ್ಲಿ.”

ಹೇಳುವುದು ಸುಲಭ. ವಯಸ್ಸಿಗೆ ಬಂದಾಗಿನಿಂದ ಸ್ಟ್ರೆಚರಿನ ಕಂಬಿ ಹಿಡಿದೇ ನಡೆದವನು ಅವನು. ಬರಿಗೈಯಲ್ಲಿ ನಡೆಯುವಾಗ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹುಡುಗಿ ಬೇರೆ ರೋಗಿಯತ್ತ ತಿರುಗಿದ್ದೇ ತಡ, ಕೈಗಳು ತಾವಾಗಿಯೇ ಹಿಡಿಕೆಗೆ ಹೋದವು. ಮೊದಮೊದಲು ಅದು ರೂಢಿ. ಪರದೆಯ ಮೇಲೆ ನಡೆದ ದೂರ ಏರುವುದನ್ನು ಕಂಡಮೇಲೆ ಬೇಕೆಂದೇ ಹಿಡಿದ. ತೋಳುಗಳಿಗೇನು, ಕಬ್ಬಿಣ. ಮೈಭಾರವನ್ನು ಅವು ಹೊತ್ತವು, ಕಾಲುಗಳು ಸುಮ್ಮನೆ ಆಡಿದವು. ಅವಳು ಬರುವ ಸದ್ದಾದರೆ ಕೈ ಬಿಡುತ್ತಿದ್ದ.

“ನೋವು?”

“ಎಲ್ಲಿದೆ ನೋವು.”

“ಕರೆಂಟು ಚೆನ್ನಾಗಿ ಹಿಡಿದಿದೆ ನಿಮಗೆ” ಎಂದು ಅವಳು ಪಾಪ, ಹಿಗ್ಗಿದಳು.

ನೋಯುವವರೆಗೆ ನಡೆಯುವುದೇ ಔಷಧಿ. ಅದನ್ನು ದಿನವೂ ಮೋರಿಗೆ ಸುರಿದು ಬಾಟಲಿ ಖಾಲಿಯಾಯಿತೆಂದು ಬೀಗುವವನಿಗೆ ಏನು ಹೇಳುವುದು. ಇನ್ನೂ ಕೆಟ್ಟದ್ದೆಂದರೆ ಕಾಲು ವಾಸಿಯಾಯಿತೆಂದು ಅವನೂ ನಂಬಿಬಿಟ್ಟಿದ್ದ. ಕರೆಂಟು ಕಾಲನ್ನು ಎಬ್ಬಿಸಿದೆ ಎಂದು ಮನೆಯಲ್ಲಿ ಹೇಳಿದ, ಜೊತೆಯವರಿಗೆ ಸವಾಲು ಹಾಕಿದ, ಏರು ಹತ್ತಿಸಿ ತೋರಿಸುವ ದಿನವನ್ನೂ ಮಗನಿಗೆ ತಾನೇ ಗೊತ್ತುಮಾಡಿದ.

ಆ ದಿನ ಬೆಳಿಗ್ಗೆ ಏರುದಾರಿಯ ಬುಡದಲ್ಲಿ ಕೆಲಸ ಬಿಟ್ಟು ಬಂದವರ ಸಣ್ಣ ಗುಂಪೇ ಸೇರಿತ್ತು. ಮಗ ಸ್ಟ್ರೆಚರನ್ನು ಹತ್ತಿ ಅಂಗಾತ ಮಲಗಿದ. “ಬೇರೆಯವರ ಜೀವ ಇಟ್ಕೊಂಡು ಆಟ ಆಡೋಕಾಗಲ್ಲ. ನಾನೇ ಮಲಗ್ತೀನಿ, ತಳ್ಳು.”

ತಳ್ಳಿದ. ಮೊದಲ ತಿರುವಿನವರೆಗೆ ಎಕ್ಸ್‌ಪ್ರೆಸ್ಸೇ. ಮಗನ ಮುಖದಲ್ಲೂ ಮೆಚ್ಚುಗೆಯಂಥದ್ದೊಂದು ಸುಳಿಯಿತು. ತಿರುವು ದಾಟಿದ್ದೇ ನೋವು ಮೀನಖಂಡವನ್ನು ಹಿಂಡಿತು. ಇಲ್ಲಿ ಕಂಬಿಗೆ ಭಾರ ಬಿಟ್ಟರೆ ನಡೆಯುವುದಿಲ್ಲ, ತಳ್ಳಬೇಕು. ತಳ್ಳಬೇಕಾದರೆ ಕಾಲು ಬೇಕು. ಮಲಗಿದವರಿಗೆ ತಳ್ಳುವವನ ಕಷ್ಟ ಕಾಣಬಾರದೆಂಬುದು ಅವನ ಕಸುಬಿನ ಮರ್ಯಾದೆ. ಅವನು ಮಗನನ್ನು ನೋಡಿ ನಕ್ಕ.

“ಇನ್ನೇನು, ಬಂದೇಬಿಟ್ಟಿತು.”

“ನಾವು ನಿಂತಿದೀವಪ್ಪ.”

“ಬಂತು ಅಂದ್ನಲ್ಲ.”

ಸ್ಟ್ರೆಚರ್ ಹಿಂದಕ್ಕೆ ಜಾರಿತು. ಮಗ ದಡಕ್ಕನೆ ಕೆಳಗಿಳಿದು ಚಕ್ರದ ಬ್ರೇಕು ಒತ್ತಿದ. ಅವನ ಮುಖ ಬಿಳಿಚಿಕೊಂಡಿತ್ತು.

“ಕೈ ಬಿಡು. ನಾನು ತಗೊಂಡು ಹೋಗ್ತೀನಿ.”

ಅಪ್ಪ ಬಿಡಲಿಲ್ಲ.

“ಜನ ನೋಡ್ತಿದಾರೆ. ಹಠ ಮಾಡ್ಬೇಡ, ಬಿಡು.”

“ಹಠ ಅಲ್ಲ ಕಣೋ” ಎಂದ ಅವನು, ಮಗನಿಗಷ್ಟೇ ಕೇಳುವಂತೆ. “ಬಿಟ್ರೆ ಬಿದ್ದೋಗ್ತೀನಿ.”

ಕಾಲಿನ ವಿಷಯದಲ್ಲಿ ಅವನು ಆಡಿದ ಮೊದಲ ನಿಜ ಅದು. ಮಗ ಹತ್ತಿರ ಬಂದು ಹೆಗಲು ಕೊಡುತ್ತಾನೆ ಎಂದುಕೊಂಡು ಒಂದು ತೋಳನ್ನು ಸ್ವಲ್ಪ ಎತ್ತಿಯೂ ಎತ್ತಿದ. ಮಗ ಕೆಳಗಿನ ಗುಂಪನ್ನು ನೋಡಿದ, ಅಂಗಿ ಸರಿಮಾಡಿಕೊಂಡ, ಸೂಪರ್‌ವೈಸರನ ದನಿಯಲ್ಲಿ ಕೂಗಿ ಹೇಳಿದ:

“ಯಾರಾದ್ರೂ ವೀಲ್‌ಚೇರ್ ತನ್ನಿ. ಇಲ್ಲೊಬ್ರು ಪೇಶಂಟ್ ಇದಾರೆ.”