ತುಂಬಿಸಿ ಕೊಟ್ಟ ಟ್ಯಾಂಕು

ಟೀಚರಮ್ಮನ ಸೋದರಮಾವನಿಗೆ ಸಕ್ಕರೆ ಮಾವ ಎಂಬ ಅಡ್ಡಹೆಸರು ಬಿದ್ದದ್ದು ಅವನ ನಾಲಿಗೆಯಿಂದಾಗಿ. ಹಳೆ ಕಾರು ಮಾರುವುದು ಅವನ ಕಸುಬು. ತಾಯಿಯನ್ನು ವಾರವಾರ ಗುಡ್ಡದ ಮೇಲಿನ ಆಸ್ಪತ್ರೆಗೆ ಕರೆದೊಯ್ಯಲು ಟೀಚರಮ್ಮ ಒಂದು ಕಾರು ಕೇಳಿದಾಗ, ನೋಡಲು ಚೆಂದದ, ಓಡಲು ನುಣ್ಣನೆಯ ಬಿಳಿ ಕಾರು ಮಾರಿದ.

“ಟ್ಯಾಂಕ್ ತುಂಬಿಸಿ ಕೊಟ್ಟಿದೀನಿ ಕಣೇ, ಅದು ನನ್ನ ಉಡುಗೊರೆ. ನಮ್ಮಕ್ಕ ಕೂರೋ ಗಾಡಿ ಅಲ್ವಾ!”

ಆವತ್ತು ಅವಳ ಕಣ್ಣು ಒದ್ದೆಯಾಗಿತ್ತು.

ಆ ಪೆಟ್ರೋಲ್ ಮುಗಿದ ಮೇಲೆ, ಟ್ಯಾಂಕಿನ ಮುಚ್ಚಳದ ಒಳಗೆ ಬರೆದಿದ್ದಂತೆ ತೊಂಬತ್ತೊಂದು ಆಕ್ಟೇನಿನ ಸಾದಾ ಪೆಟ್ರೋಲ್ ಹಾಕಿಸಿದಳು. ಮೊದಲ ಏರಿನಲ್ಲೇ ಇಂಜಿನ್ ಕಟಕಟ ಹಲ್ಲು ಕಡಿಯತೊಡಗಿತು. ಹಿಂದೆ ಕೂತಿದ್ದ ತಾಯಿ ಗಟ್ಟಿಯಾಗಿ ಸೀಟು ಹಿಡಿದುಕೊಂಡಳು. ಫೋನ್ ಮಾಡಿದರೆ ಸಕ್ಕರೆ ಮಾವ ನಕ್ಕ.

“ಅಷ್ಟೇನಾ? ತೊಂಬತ್ತೇಳರದ್ದು ಹಾಕ್ಸು, ರಾಣಿ ಥರ ಓಡುತ್ತೆ.”

ಹಾಕಿಸಿದಳು. ಸದ್ದು ಅಡಗಿತು, ಅನುಮಾನ ಅಡಗಲಿಲ್ಲ. ಗ್ಯಾರೇಜಿಗೆ ಒಯ್ದಳು.

“ಒಳಗೆಲ್ಲಾ ಕರಿ ಕಟ್ಟಿದೆ,” ಎಂದ ಮೆಕ್ಯಾನಿಕ್. “ಆಕ್ಟೇನ್ ಹೆಚ್ಚಿದಷ್ಟೂ ಪೆಟ್ರೋಲ್ ಒತ್ತಡ ತಡ್ಕೊಳ್ಳುತ್ತೆ, ಅದಕ್ಕೇ ಸದ್ದಿಲ್ಲ. ರೋಗ ಹಾಗೇ ಇದೆ. ಅದನ್ನ ಮುಚ್ಚಿಡೋಕೆ ಮಾರೋವಾಗ ಈ ಪೆಟ್ರೋಲನ್ನೇ ತುಂಬಿಸಿ ಕೊಡ್ತಾರೆ.”

ಉಡುಗೊರೆಯಂತೆ, ಉಡುಗೊರೆ! ಮೇಲೆ ಥಳಕು, ಒಳಗೆ ಹುಳುಕು. ಪರರಿಗೆ ಮಾಡಿದ್ದರೆ ವ್ಯಾಪಾರ ಎನ್ನಬಹುದಿತ್ತೇನೋ. ಒಡಹುಟ್ಟಿದವಳಿಗೇ ಮಾಡಿದ್ದನಲ್ಲ, ಥೂ! ಆದರೂ ಅವನಿಗೆ ನಿಜವಾಗಿ ಗೊತ್ತಿರಲಿಲ್ಲವೇನೋ ಎಂಬ ಒಂದು ಎಳೆ ಆಸೆ ಅವಳಲ್ಲಿ ಉಳಿದಿತ್ತು.

ಭಾನುವಾರ ಅವನು ಮನೆಗೆ ಬಂದ. ಬಸುರಿ ಮಗಳನ್ನು ಮರುದಿನ ಅದೇ ಆಸ್ಪತ್ರೆಗೆ ಕರೆದೊಯ್ಯಬೇಕಂತೆ, ಮಾರಲು ಇಟ್ಟಿದ್ದ ಕಾರುಗಳೆಲ್ಲ ಹೋಗಿವೆಯಂತೆ, ಬಾಡಿಗೆ ಗಾಡಿಯೂ ಸಿಗುತ್ತಿಲ್ಲವಂತೆ. ಟೀಚರಮ್ಮ ಕೀಲಿ ಮುಂದೆ ಚಾಚಿದಳು.

“ನಮ್ಮ ಗಾಡಿ ಇದೆಯಲ್ಲ ಮಾವ. ನೀನು ಹೇಳಿದ ಪೆಟ್ರೋಲೇ ತುಂಬಿಸಿದೀನಿ.”

“ಅಯ್ಯಯ್ಯೋ, ಅದು ಬೇಡ! ಆ ಏರಲ್ಲಿ ಕೈಕೊಟ್ರೆ ಬಸುರಿ ಹುಡುಗಿ ಗತಿ ಏನು?”

ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳಲು ಅವನಿಗೆ ಆಗಲಿಲ್ಲ. ಕಿಟಕಿಯ ಪಕ್ಕ ಬಟ್ಟೆ ಮಡಿಚುತ್ತಿದ್ದ ತಾಯಿಯ ಕೈ ನಿಂತಿತು.

“ನಾನು ಕೂತಾಗ ಆ ಏರು ಇರ್ಲಿಲ್ವೇನೋ, ತಮ್ಮಾ?”

ಸಕ್ಕರೆ ಮಾವ ಎದ್ದು ಚಪ್ಪಲಿ ಹುಡುಕಿದ. “ಗಾಡಿ ನೀನೇ ಇಟ್ಕೋ,” ಎಂದು ಟೀಚರಮ್ಮ ಕೀಲಿಯನ್ನು ಅವನ ಅಂಗಿಯ ಜೇಬಿಗೆ ಹಾಕಿದಳು. ಆಮೇಲೆ ಒಳಗೆ ಹೋಗಿ, ಸೋಪು ಹಚ್ಚಿ ಕೈ ತೊಳೆದುಕೊಂಡಳು.