ಉಣ್ಣೆ ಉಂಡೆ ತಂದ ನಿದ್ದೆ

ಬಟ್ಟೆ ಮಡಚುವ ಮೇಜಿನ ಪಕ್ಕ ಕೂತರೆ ಮಧ್ಯಾಹ್ನಕ್ಕೆ ನನಗೆ ಜೊಂಪು ಹತ್ತುತ್ತದೆ. ನಮ್ಮ ಲಾಂಡ್ರಿಯ ಡ್ರೈಯರಿನ ಗಾಜಿನೊಳಗೆ ಯಾರ‍್ಯಾರದೋ ಅಂಗಿಗಳು ಏಳುತ್ತವೆ, ಬೀಳುತ್ತವೆ, ತೋಳು ಚಾಚುತ್ತವೆ. ಕೋಣೆಯೆಲ್ಲ ಬೆಚ್ಚಗೆ.

ಆದರೆ ಆ ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಮೂರು ತಿಂಗಳ ಮೊಮ್ಮಗಳ ಕತ್ತು, ಬೆನ್ನಿನ ತುಂಬ ಕೆಂಪು ದದ್ದು. ಮಲಗಿಸಿದರೆ ಚೀರುತ್ತಿದ್ದಳು. ಎತ್ತಿಕೊಂಡು ಓಡಾಡಿ ಓಡಾಡಿ ನನ್ನ ಮಗಳ ಕಣ್ಣು ಗುಳಿ ಬಿದ್ದಿತ್ತು. ಡಾಕ್ಟರು ಮುಲಾಮು ಕೊಟ್ಟು, ಮೈಗೆ ತಾಗುವ ಏನೋ ಒಂದು ಒಗ್ಗುತ್ತಿಲ್ಲ ಎಂದಿದ್ದರು.

ಮಗುವನ್ನು ನೋಡಲು ಬಂದ ನರ್ಸಮ್ಮ ಅದರ ಅಂಗಿ ಮೂಸಿದಳು.

"ಅಮ್ಮಾ, ಇದಕ್ಕೇನು ಹಾಕ್ತೀರಿ?"

"ನಮ್ಮ ಲಾಂಡ್ರಿ ಡ್ರೈಯರಲ್ಲೇ ಒಣಗಿಸೋದು, ಜೊತೆಗೊಂದು ಪರಿಮಳದ ಹಾಳೆ ಹಾಕ್ತೀನಿ. ಘಮ್ ಅನ್ನದೇ ಇದ್ರೆ ಅದೂ ಒಗೆದ ಬಟ್ಟೆನಾ?"

"ಆ ಹಾಳೇಲಿ ಇರೋದು ಬಟ್ಟೆಗೆ ಅಂಟ್ಕೊಳ್ಳುತ್ತೆ. ಎಳೇ ಚರ್ಮ, ಆಗಿಬರದೇ ಇರಬಹುದು. ಅದನ್ನ ಬಿಟ್ಟು ಉಣ್ಣೆ ಉಂಡೆ ಹಾಕಿ ನೋಡಿ, ಉಣ್ಣೇನ ಚೆಂಡಿನ ಹಾಗೆ ಗಟ್ಟಿಯಾಗಿ ಒತ್ತಿ ಮಾಡಿರ್ತಾರೆ."

"ಚೆಂಡಾಡೋಕೆ ನಾನೇನು ಚಿಕ್ಕ ಹುಡುಗೀನಾ? ಕಿವಿಗೆ ಹೂವಿಡಬೇಡ ತಾಯಿ!"

ನರ್ಸಮ್ಮ ನಕ್ಕಳು. "ಅವು ಬಟ್ಟೆ ಮಧ್ಯೆ ಉರುಳಾಡಿ ಬಿಡಿಬಿಡಿ ಮಾಡ್ತವೆ. ಬಿಸಿಗಾಳಿ ಎಲ್ಲ ಕಡೆ ಆಡುತ್ತೆ, ಬಟ್ಟೆ ಬೇಗ ಒಣಗುತ್ತೆ, ಮೆತ್ತಗೂ ಆಗುತ್ತೆ. ಪೂರ್ತಿ ಉಣ್ಣೇದೇ ತಗೊಳ್ಳಿ, ಬಣ್ಣ, ವಾಸನೆ ಇಲ್ಲದ್ದು. ಸ್ವಲ್ಪ ಬಟ್ಟೆಗೆ ಮೂರು ಸಾಕು, ಜಾಸ್ತಿ ಇದ್ರೆ ಆರು. ಡ್ರಮ್ ತುಂಬ ತುರುಕಬೇಡಿ, ಅವಕ್ಕೂ ಜಾಗ ಬೇಕಲ್ಲ. ಉಣ್ಣೆ ಒಗ್ಗದವರಿಗೆ ಮಾತ್ರ ಇದು ಬೇಡ."

ಮಗಳು ತಂದೇಬಿಟ್ಟಳು. ನಾಲ್ಕೇ ದಿನಕ್ಕೆ ದದ್ದು ಇಳಿಯಿತು. ಬಟ್ಟೆಯೂ ಹಗುರವಾಗಿ ಒಣಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ವಾಸನೆಯಿಲ್ಲದ ಬಟ್ಟೆ ಮಡಚಲು ನನಗೆ ಕೈಯೇ ಬರಲಿಲ್ಲ. ಒಂದು ಮಧ್ಯಾಹ್ನ ಯಾರಿಗೂ ಕಾಣದಂತೆ ಉಂಡೆಗಳ ಮೇಲೆ ನಾಲ್ಕು ಹನಿ ಪರಿಮಳದ ಎಣ್ಣೆ ಬಿಟ್ಟೆ. ಆಹಾ! ಹೂದೋಟವೇ ಗಿರಗಿರ ತಿರುಗಿದಂತಿತ್ತು. ಹಾಗೇ ಕಣ್ಣು ಮುಚ್ಚಿದೆ.

ಮರುದಿನ ಮಗುವಿನ ಮೈ ಮತ್ತೆ ಕೆಂಪು.

"ಏನೂ ಬದಲಾಯಿಸಿಲ್ವಲ್ಲಮ್ಮಾ, ಮತ್ತೆ ಯಾಕೆ?" ಎಂದು ಮಗಳು ಬಿಕ್ಕಿದಳು.

"ನಾನೇ ಕಣೇ ಮಾಡಿದ್ದು," ಎಂದು ಎಲ್ಲ ಹೇಳಿಬಿಟ್ಟೆ. ಮಗಳು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಅದಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು.

ವಿಷಯ ತಿಳಿದು ನರ್ಸಮ್ಮ ಹಣೆ ಚಚ್ಚಿಕೊಂಡಳು. "ದದ್ದು ಹಾಗಿರಲಿ, ಎಣ್ಣೆ ಬಿದ್ದದ್ದು ಆ ಬಿಸೀಲಿ ಬೆಂಕಿ ಹತ್ತಿದ್ರೆ? ನಮ್ಮ ಪುಣ್ಯ, ಏನೂ ಆಗಲಿಲ್ಲ. ಆ ಉಂಡೆ ಬಿಸಾಕಿ ಅಮ್ಮಾ."

ಬಿಸಾಕಿದೆ. ಮಗುವಿನ ಬಟ್ಟೆಯೆಲ್ಲ ಮತ್ತೆ ಒಗೆದು, ಡ್ರೈಯರಿನ ಜಾಲರಿಯ ಧೂಳು ತೆಗೆದು, ಹೊಸ ಉಂಡೆ ಹಾಕಿದೆ. ಐದನೇ ದಿನ ಮಧ್ಯಾಹ್ನ ಮೊಮ್ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಮಗಳು ಮಡಚಿದ ಬಟ್ಟೆಗೆ ತಲೆಯಿಟ್ಟು ಬಾಯಿ ತೆರೆದು ಮಲಗಿದ್ದಳು. ನಾನು ಮಗುವಿನ ನೆತ್ತಿಗೆ ಮೂಗು ತಾಗಿಸಿದೆ. ಹಾಲಿನ ವಾಸನೆ, ಎಳೆಬಿಸಿಲಿನ ವಾಸನೆ. ಇಷ್ಟು ದಿನ ನಾನು ಅವಳನ್ನು ಮೂಸಿಯೇ ಇರಲಿಲ್ಲ.

ನೀವೂ ಡ್ರೈಯರ್ ಬಳಸುವವರಾದರೆ ಪರಿಮಳದ ಹಾಳೆ ಬಿಡಿ, ಉಣ್ಣೆ ಉಂಡೆ ತನ್ನಿ. ಒಮ್ಮೆ ತಂದರೆ ಬಹಳ ಕಾಲ ಬರುತ್ತವೆ. ಕೆಲಸವಾದ ಮೇಲೆ ಗಾಳಿಯಾಡುವ ಬುಟ್ಟಿಯಲ್ಲಿಡಿ. ಎಣ್ಣೆ ಮಾತ್ರ ಒಂದು ಹನಿಯೂ ಬೇಡ. ಪರಿಮಳ ಬೇಕೆನಿಸಿದರೆ ಮಗುವನ್ನೇ ಎತ್ತಿಕೊಳ್ಳಿ.